ರದ್ದಿ ಅಂಗಡಿಯ ಮ್ಯಾನೇಜರ್

ಮೇ 31, 2002, ಶುಕ್ರವಾರ

ಈ ಡೈರಿ 1991ರದು. ಯಾರೋ ರದ್ದಿಗೆ ಹಾಕಿದ್ದರು. ಮೊದಲ ಪುಟದಲ್ಲಿ ‘ಇಂದಿನಿಂದ ದಿನಾಲೂ ಬೆಳಿಗ್ಗೆ ಐದಕ್ಕೆ ಏಳುವುದು’ ಎಂದು ಬರೆದದ್ದು ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಲೆಕ್ಕ ಹಾಕಿ ನೋಡಿದೆ, ಆ ವರ್ಷದ ವಾರಗಳೂ ಈ ವರ್ಷದ ವಾರಗಳೂ ಒಂದೇ. ತೂಕಕ್ಕೆ ಹಾಕಲು ಮನಸ್ಸಾಗಲಿಲ್ಲ. ಮಾಲೀಕರಿಗೆ ಹೇಳಿಯೇ ತಂದಿದ್ದೇನೆ.

ಇವತ್ತು ನನ್ನ ಎಂಟನೆಯ ನೌಕರಿ ಅರ್ಧ ಹೋಯಿತು. ಪೂರ್ತಿ ಹೋಗುತ್ತದೋ ಇಲ್ಲವೋ ಜುಲೈ ಏಳಕ್ಕೆ ಗೊತ್ತಾಗುತ್ತದೆ.

ಸಂಜೆ ಪಕ್ಕದ ಫಕ್ರುಸಾಬರ ಟೀವಿ ರಿಪೇರಿ ಅಂಗಡಿಯಲ್ಲಿ ವಿಶ್ವಕಪ್ಪಿನ ಮೊದಲ ಮ್ಯಾಚು ನೋಡಿದೆವು. ಸೆನೆಗಲ್ ಎಂಬ ಹೊಸ ತಂಡ, ಹಿಂದಿನ ಸಲ ಕಪ್ಪು ಗೆದ್ದ ಫ್ರಾನ್ಸನ್ನು ಸೋಲಿಸಿತು. ನಮ್ಮ ಮಾಲೀಕರಾದ ರಸೂಲಸಾಬ ಕಾಕಾ ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು. ಹಳೇ ಹುಬ್ಬಳ್ಳಿಯ ನಮ್ಮ ಫುಟ್‌ಬಾಲ್ ತಂಡವನ್ನು 1991ರಲ್ಲಿ ಕಟ್ಟಿದವರು ಅವರೇ. ಚೆಂಡು ಅವರದು, ಅಂಗಿಗಳು ಅವರವು, ಗೋಲ್‌ಕೀಪರೂ ಅವರೇ. ಹನ್ನೊಂದು ವರ್ಷ ಮಳೆಗಾಲದ ಟೂರ್ನಮೆಂಟಿನಲ್ಲಿ ಮೊದಲ ಮ್ಯಾಚಿಗೇ ಮನೆಗೆ ಬಂದಿದ್ದೇವೆ. ಒಂದೇ ಒಂದು ಗೋಲು ಹೊಡೆದಿಲ್ಲ.

“ಅವರೂ ಕಾಲಿಲೇ ಆಡ್ತಾರ, ನಾವೂ ಕಾಲಿಲೇ ಆಡ್ತೇವಿ. ನಾವು ಯಾಕ ಸೋಲ್ತೇವಿ?” ಎಂದರು ಕಾಕಾ.

“ಮಳಿ ಕಾಕಾ,” ಎಂದ ಆಟೋ ಓಡಿಸುವ ಮಾಲತೇಶ. ಮುಂದೆ ನಿಂತು ಗೋಲು ಹೊಡೆಯಬೇಕಾದವನು ಅವನು. ರೆಫ್ರಿ ಸರಿ ಇಲ್ಲ ಎಂದರು ನಮ್ಮ ತಂಡದಲ್ಲೇ ಆಡುವ ಫಕ್ರುಸಾಬ. ಎರೆ ಮಣ್ಣು ಕಾಲು ಹಿಡಿಯುತ್ತದೆ ಎಂದ ಇನ್ನೊಬ್ಬ. ಕಾಕಾ ನನ್ನ ಕಡೆ ತಿರುಗಿದರು.

“ನೀ ಹೇಳಪಾ ಹುಲಗೇಶ. ನೀ ಸುಳ್ಳ ಹೇಳಾಂವಲ್ಲ.”

“ನಿಮ್ಮಿಂದ, ಕಾಕಾ.”

ಟೀವಿಯಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು. ಎಲ್ಲರೂ ಅದನ್ನು ಬಹಳ ಲಕ್ಷ್ಯ ಕೊಟ್ಟು ನೋಡಿದರು.

“ಮ್ಯಾಚಿಗೆ ಐದೈದು ಬಿಡ್ತೀರಿ. ಚೆಂಡು ಬಂದಾಗ ಕಣ್ಣು ಮುಚ್ಚತೀರಿ. ನಾ ನೋಡೇನಿ,” ಎಂದೆ. ಕೇಳಿದ ಮೇಲೆ ಪೂರ್ತಿ ಹೇಳಬೇಕಲ್ಲ.

ಕಾಕಾ ಎದ್ದು ನಿಂತರು. “ಹಂಗಾದ್ರ ಇವತ್ತಿಂದ ನೀನ ಮ್ಯಾನೇಜರ್. ಜುಲೈ ಏಳಕ್ಕ ದೇಶಪಾಂಡೆ ನಗರದವರ ಜೋಡಿ ಮ್ಯಾಚ್ ಐತಿ. ಗೆದ್ದರ ನಿನ್ನ ಮಾತು ಖರೇ. ಸೋತರ ಮರುದಿನದಿಂದ ಅಂಗಡಿಗೆ ಬರಬ್ಯಾಡ.”

“ಆತ್ರಿ,” ಎಂದೆ.

ಜೂನ್ 1, ಶನಿವಾರ

ಅವ್ವನಿಗೆ ಹೇಳಿದೆ. ಅವಳು ಖಾನಾವಳಿಗೆ ರೊಟ್ಟಿ ಬಡಿಯುತ್ತಾಳೆ. ಕೈ ನಿಲ್ಲಿಸದೆ ಕೇಳಿದಳು. ಆಮೇಲೆ ನನ್ನ ಹಳೆಯ ನೌಕರಿಗಳನ್ನು ಒಂದೊಂದು ರೊಟ್ಟಿಗೆ ಒಂದೊಂದರಂತೆ ಬಡಿದಳು.

“ಮಿಠಾಯಿ ಅಂಗಡ್ಯಾಗ ಪೇಡೆ ಮೊನ್ನಿದು ಅಂತ ಗಿರಾಕಿಗೆ ಹೇಳಿದಿ. ಅರವಿ ಅಂಗಡ್ಯಾಗ ಈ ಬಣ್ಣ ನಿಮಗ ಒಪ್ಪೂದಿಲ್ರಿ ಅಂದಿ. ಸಾಲ್ಯಾಗ ಸಾಹೇಬರು ಬಂದಾಗ ಈ ಪ್ರಶ್ನಿ ನಮಗ ನಿನ್ನೇನ ಕಲಿಸ್ಯಾರ್ರಿ ಅಂತ ಎದ್ದು ನಿಂತಿ. ಯಾರರ ಕೇಳಿದ್ರೇನೋ ನಿನಗ?”

ತಪಾಸಣೆಗೆ ಬಂದ ಸಾಹೇಬರು ಕೇಳಿದ್ದರು. ‘ಯಾರಿಗೆ ಗೊತ್ತು?’ ಎಂದು ಕೇಳಿದರು, ನನಗೆ ಗೊತ್ತಿತ್ತು. ನನ್ನ ಶಾಲೆ ಒಂಬತ್ತನೆಯ ಇಯತ್ತೆಗೇ ಮುಗಿಯಿತು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಮಾಸ್ತರರು ನನ್ನ ಕಡೆ ನೋಡುವುದನ್ನು ಬಿಟ್ಟರು, ನಾನು ಹೋಗುವುದನ್ನು ಬಿಟ್ಟೆ.

“ರೊಟ್ಟಿ ಹೆಂಗಾಗ್ಯಾವ?” ಎಂದಳು.

“ಒಂದ ಮಗ್ಗಲ ದಪ್ಪ ಆಗ್ಯಾವ.”

ಗೂಡಿನಲ್ಲಿದ್ದ ಲಟ್ಟಣಿಗೆ ಹಾರಿ ಬಂತು. ತಪ್ಪಿಸಿಕೊಂಡೆ.

ಜೂನ್ 4, ಮಂಗಳವಾರ

ರದ್ದಿಯಲ್ಲಿ ಬರುವ ಆಟದ ಪುಟಗಳಿಂದ ಜಗತ್ತಿನ ದೊಡ್ಡ ಮ್ಯಾನೇಜರುಗಳ ಸುದ್ದಿ ಕತ್ತರಿಸಿ ಇಡುತ್ತಿದ್ದೇನೆ. ಇಂಗ್ಲಿಷಿನ ಚೀಟಿಗಳನ್ನು ಕಾಕಾನ ಮಗಳು ಶಮೀಮ ಓದಿ ಹೇಳುತ್ತಾಳೆ. ಪಿಯುಸಿ ಎರಡನೇ ವರ್ಷ. ಇಟಲಿಯ ಸಾಕ್ಕಿ ಎಂಬಾತ ಮೊದಲು ಬೂಟು ಮಾರುತ್ತಿದ್ದನಂತೆ, ದೊಡ್ಡ ಆಟಗಾರನೇ ಅಲ್ಲವಂತೆ. ನನಗೂ ಆಡಲು ಬರುವುದಿಲ್ಲ. ಬೂಟಿನವನಿಗೆ ಸಾಧ್ಯವಾದರೆ ರದ್ದಿಯವನಿಗೆ ಯಾಕಾಗಬಾರದು?

ಇವತ್ತು ಫರ್ಗ್ಯೂಸನ್ ಸಾಹೇಬರ ಪದ್ಧತಿ ಹಿಡಿದೆ. ಸಿಟ್ಟು ಬಂದರೆ ಆಟಗಾರನ ಮೂಗಿಗೆ ಮೂಗು ಹಚ್ಚಿ ಬೈಯುತ್ತಾರಂತೆ, ಕೂದಲು ಒಣಗಿಸುವ ಮಷಿನ್ನಿನ ಗಾಳಿ ಬಡಿದಂತಾಗುತ್ತದಂತೆ. ಮಾಲತೇಶನನ್ನು ನಿಲ್ಲಿಸಿ ಮುಖದ ಹತ್ತಿರ ಹೋಗಿ ಬೈದೆ.

ಅವನು ಮುಖ ಸಿಂಡರಿಸಿದ. “ಮಧ್ಯಾಹ್ನ ರೊಟ್ಟಿ ಜೋಡಿ ಉಳ್ಳಾಗಡ್ಡಿ ತಿಂದಿಯೇನಲೇ?”

“ಹೌದು. ಎರಡು.”

“ಸ್ವಲ್ಪ ಆಕಡೆ ನಿಂತ ಬೈಯಪಾ.”

ದೂರ ನಿಂತು ಬೈದರೆ ಪದ್ಧತಿ ಕೆಡುತ್ತದೆ. ಬಿಟ್ಟೆ.

ಜೂನ್ 7, ಶುಕ್ರವಾರ

ವೆಂಗರ್ ಎಂಬ ಫ್ರಾನ್ಸಿನವರು ಲಂಡನ್ನಿನ ತಂಡಕ್ಕೆ ಬಂದು ಆಟಗಾರರ ಊಟವನ್ನೇ ಬದಲಿಸಿದರಂತೆ. ಈ ವರ್ಷ ಎರಡು ಕಪ್ಪು ಗೆದ್ದಿದ್ದಾರೆ. ಆದ್ದರಿಂದ ಮಿರ್ಚಿ ಬಂದ್, ಗಿರಮಿಟ್ ಬಂದ್ ಎಂದು ನಿನ್ನೆ ಹೇಳಿದೆ. ಇವತ್ತು ಪ್ರ್ಯಾಕ್ಟೀಸಿಗೆ ನಾಲ್ಕು ಮಂದಿ ಬಂದರು.

ಮನೆಗೆ ಬರುವಾಗ ನಾನೂ ಮಿರ್ಚಿ ತಿಂದೆ. ನಾಳೆ ಎಲ್ಲರ ಮುಂದೆ ಹೇಳಿ ದಂಡಕ್ಕೆ ನಾಲ್ಕು ಸುತ್ತು ಓಡುವುದು.

ಜೂನ್ 10, ಸೋಮವಾರ

ಕೊರಿಯಾದ ತಂಡಕ್ಕೆ ಹಿಡ್ಡಿಂಕ್ ಎಂಬ ಡಚ್ ಮ್ಯಾನೇಜರ್. ಹೋದ ವರ್ಷ ಎರಡು ಸಲ ಐದು-ಸೊನ್ನೆ ಸೋತಾಗ ಜನ ಅವರಿಗೆ ‘ಐದು-ಸೊನ್ನೆ’ ಎಂದೇ ಹೆಸರಿಟ್ಟಿದ್ದರಂತೆ. ಇದನ್ನು ಓದುವಾಗ ಶಮೀಮ ನಕ್ಕಳು. “ಹಂಗಾದ್ರ ನಮ್ಮ ಅಬ್ಬಾಗ ಏನ್ ಹೆಸರಿಡಬೇಕು?”

ಅಲ್ಲಿಯ ಹುಡುಗರು ಹಿರಿಯರಿಗೆ ಮರ್ಯಾದೆ ಕೊಡುತ್ತ ನಿಂತರೆ ಆಟ ತಡವಾಗುತ್ತದೆ ಎಂದು, ಮೈದಾನದಲ್ಲಿ ಎಲ್ಲರೂ ಎಲ್ಲರನ್ನೂ ಸಮನಾಗಿ ಕರೆಯಬೇಕು ಎಂದರಂತೆ ಹಿಡ್ಡಿಂಕ್. ನಮ್ಮಲ್ಲೂ ಇದೇ ರೋಗ. ಗೋಲಿನ ಮುಂದೆ ಚೆಂಡು ಬಿದ್ದಿರುತ್ತದೆ, ಹುಡುಗರು ‘ಕಾಕಾ, ನೀವು ತಗೋತೀರೋ ನಾ ತಗೋಳ್ಲ್ಯೋ’ ಎಂದು ಕೇಳುತ್ತಾರೆ. ಅಷ್ಟರಲ್ಲಿ ಎದುರಿನವರು ತೆಗೆದುಕೊಂಡಿರುತ್ತಾರೆ.

ಇವತ್ತು ಮಾಲತೇಶನಿಗೆ ಹೆಸರು ಹಿಡಿದು ಕರೆಯಲು ಹೇಳಿದೆ. ಧೈರ್ಯ ಮಾಡಿ “ರಸೂಲಸಾಬ!” ಎಂದು ಕೂಗಿದ. ಕೂಗಿದವನೇ ಓಡಿ ಹೋಗಿ ಕಾಕಾನ ಕಾಲು ಮುಟ್ಟಿದ. ಕಾಕಾ ಅವನ ತಲೆಯ ಮೇಲೆ ಕೈ ಇಟ್ಟರು. ಚೆಂಡು ಇಬ್ಬರ ನಡುವಿನಿಂದ ಗೋಲಿಗೆ ಹೋಯಿತು.

ಜೂನ್ 12, ಬುಧವಾರ

ಸಿಕ್ಕಿದ.

ದೇಶಪಾಂಡೆ ನಗರಕ್ಕೆ ರದ್ದಿ ತರಲು ಹೋಗಿದ್ದೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಕೆಳಗಿನವನು ಎರಡೆರಡು ಇಟ್ಟಂಗಿ ಮೇಲಕ್ಕೆ ಎಸೆಯುತ್ತಾನೆ. ಮೊದಲ ಅಂತಸ್ತಿನ ಅಂಚಿನಲ್ಲಿ ನಿಂತವನು ಅವನ್ನು ಗಾಳಿಯಲ್ಲೇ ಹಿಡಿದು ಹಿಂದೆ, ಗೋಡೆ ಕಟ್ಟುವ ಗೌಂಡಿಯ ಹತ್ತಿರ ಇಡುತ್ತಾನೆ. ಮಾತಾಡುತ್ತ ಹಿಡಿಯುತ್ತಾನೆ, ಆಕಳಿಸುತ್ತ ಹಿಡಿಯುತ್ತಾನೆ. ಒಂದು ತಾಸು ನಿಂತು ನೋಡಿದೆ. ಒಂದೂ ಬೀಳಲಿಲ್ಲ. ಊಟಕ್ಕೆ ಇಳಿದಾಗ ಹೋಗಿ ಹೆಸರು ಕೇಳಿದೆ.

“ಫಕೀರೇಶ್ರಿ. ಮುಗದದಿಂದ ದಿನಾ ರೈಲಿಗೆ ಬರ್ತೇನ್ರಿ. ಯಾಕ್ರಿ?”

“ಫುಟ್‌ಬಾಲ್ ಹಿಡೀತೀಯೇನು?”

“ಅದು ಒಡೀತೈತೇನ್ರಿ?”

“ಇಲ್ಲ.”

“ಬಿದ್ದರ ಗೌಂಡಿ ಬೈತಾನೇನ್ರಿ?”

“ಅಲ್ಲಿ ಗೌಂಡಿ ಇರೂದಿಲ್ಲ. ಬೈಯಾಂವ ನಾನ.”

ಅವನು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದ. “ಹಂಗಾದ್ರ ಬರ್ತೇನ್ರಿ.”

ಜೂನ್ 13, ಗುರುವಾರ

ಫಕೀರೇಶನನ್ನು ಗೋಲಿನಲ್ಲಿ ನಿಲ್ಲಿಸಿ ಹತ್ತೂ ಮಂದಿ ಸರದಿಯಲ್ಲಿ ಒದ್ದೆವು. ಎಡಕ್ಕೆ, ಬಲಕ್ಕೆ, ಎದೆಗೆ, ತಲೆಯ ಮೇಲೆ, ಎಲ್ಲವನ್ನೂ ಹಿಡಿದ. ಪ್ರತಿ ಸಲವೂ ಹಿಡಿದ ಮೇಲೆ ಅರ್ಧ ತಿರುಗಿ ಚೆಂಡನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟು, ಮುಂದಿನದಕ್ಕೆ ಕೈ ಚಾಚಿದ. ಬೆನ್ನ ಹಿಂದೆ ಇರುವುದು ಗೋಲು.

ಹದಿನೇಳು ಹಿಡಿದ. ಹದಿನೇಳೂ ಗೋಲಾದವು.

ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ.

ಜೂನ್ 16, ರವಿವಾರ

ಆದರೂ ಹಿಡಿಯುವವನು ಅವನೇ. ಇಡುವುದನ್ನು ಬಿಡಿಸಬಹುದು; ಕಣ್ಣು ಮುಚ್ಚುವವರಿಗೆ ಹಿಡಿಯುವುದನ್ನು ಕಲಿಸಲಾಗುವುದಿಲ್ಲ. ಪ್ರ್ಯಾಕ್ಟೀಸು ಮುಗಿದ ಮೇಲೆ ಎಲ್ಲರ ಮುಂದೆ ಹೇಳಿದೆ: “ಗೋಲಿನಾಗ ಫಕೀರೇಶ. ಕಾಕಾ, ನೀವು ಹನ್ನೆರಡನೆಯವರು.”

ಕಾಕಾ ಟವೆಲಿನಿಂದ ಚೆಂಡಿನ ಮಣ್ಣು ಒರೆಸಿದರು. ಚೀಲಕ್ಕೆ ಹಾಕಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಹೋದರು.

“ಇಷ್ಟ ಮಂದಿ ಮುಂದ ಹೇಳಬೇಕಿತ್ತೇನಲೇ?” ಎಂದರು ಫಕ್ರುಸಾಬ.

“ಒಬ್ರ ಇದ್ದಾಗ ಹೇಳಿದ್ರ ಖರೇ ಬ್ಯಾರೇ ಆಕ್ಕಿತ್ತೇನ್ರಿ?”

ವಾದ ನಾನೇ ಗೆದ್ದೆ. ಚೆಂಡು ಮಾತ್ರ ಹೋಯಿತು.

ಜೂನ್ 17, ಸೋಮವಾರ

ಅಂಗಡಿಯಲ್ಲಿ ಕಾಕಾ ದಿನಾಲೂ ತಮ್ಮ ಚಹಾದಲ್ಲಿ ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು ನನಗೆ ಕೊಡುತ್ತಿದ್ದರು. ಇವತ್ತು ಪೂರ್ತಿ ಕುಡಿದರು. ಪೂರ್ತಿ ಕುಡಿದು ರೂಢಿ ಇಲ್ಲ. ಅರ್ಧಕ್ಕೆ ಕೈ ತಾನೇ ನಿಂತಿತು. ನನ್ನ ಕಡೆ ನೋಡಿ, ಮತ್ತೆ ಕುಡಿದರು.

ಜೂನ್ 18, ಮಂಗಳವಾರ

ಚೆಂಡಿಲ್ಲ. ಸಾಕ್ಕಿಯ ಚೀಟಿ ನೆನಪಾಯಿತು. ಆತ ಚೆಂಡೇ ಇಲ್ಲದೆ ಪ್ರ್ಯಾಕ್ಟೀಸು ಮಾಡಿಸುತ್ತಿದ್ದನಂತೆ. ಚೆಂಡು ಎಲ್ಲಿದೆ ಎಂದು ಬಾಯಿಯಿಂದ ಹೇಳುವುದು, ಹನ್ನೊಂದೂ ಮಂದಿ ಅದರಂತೆ ಓಡುವುದು. ನಾನು ಹೇಳಿದೆ, ಅವರು ಓಡಿದರು. ದನ ಹೊಡೆದುಕೊಂಡು ಹೊರಟಿದ್ದ ಗುಡ್ಡವ್ವ ನಿಂತು ನೋಡಿದಳು.

“ಏನ್ ಕಳಕೊಂಡೀರೋ ತಮ್ಮಾ?”

“ಏನೂ ಇಲ್ಲಬೇ. ಚೆಂಡಿಲ್ದ ಪ್ರ್ಯಾಕ್ಟೀಸು.”

“ಚೆಂಡೆಲ್ಲೈತಿ?”

“ರಸೂಲಸಾಬ ಕಾಕಾನ ಮನ್ಯಾಗ.”

“ಹಂಗಾದ್ರ ಅಲ್ಲಿ ಹೋಗಿ ಓಡ್ರಿ. ಇಲ್ಲಿ ಓಡಿದ್ರ ಸಿಗತೈತೇನ?” ಎಂದು ಹೊರಟವಳು ತಿರುಗಿ ಮತ್ತೊಂದು ಮಾತು ಎಸೆದಳು: “ಆದ್ರ ಚೆಂಡಿಲ್ದಾಗ ಛಲೋ ಆಡ್ತೀರಿ.”

ಇಲ್ಲದ ಚೆಂಡನ್ನೂ ಫಕೀರೇಶ ಹಿಡಿದು ಹಿಂದೆಯೇ ಇಟ್ಟ.

ಕೊರಿಯಾ ಇಟಲಿಯನ್ನು ಸೋಲಿಸಿತು. ಪಕ್ಕದ ಅಂಗಡಿಯಲ್ಲಿ ಕೂಗು ಎದ್ದಾಗ ಕಾಕಾ ನೋಡಲು ಬರಲಿಲ್ಲ.

ಜೂನ್ 19, ಬುಧವಾರ

ಇಂಗ್ಲಿಷಿನ ಚೀಟಿ ಒಯ್ದರೆ ಶಮೀಮ ಕೈಗೆ ತೆಗೆದುಕೊಳ್ಳಲಿಲ್ಲ.

“ಅಬ್ಬಾ ಗೋಲಿನಾಗ ಯಾಕ ನಿಂತ್ರು ಗೊತ್ತೈತೇನ್ ನಿನಗ?”

“ಇಲ್ಲ.”

“ಮೊದಲನೇ ವರ್ಷ ಎಲ್ಲಾರಿಗೂ ಗೋಲ ಹೊಡಿಯಾಕ ಬೇಕಾಗಿತ್ತು. ನಿಲ್ಲಾಕ ಯಾರೂ ವಲ್ಲೆ ಅಂದ್ರು. ಬಿಟ್ಟಾಂವಗ ಮಂದಿ ಬೈತಾರಲ್ಲ. ನನಗ ಬೈಲಿ ಬಿಡು ಅಂತ ಅಬ್ಬಾ ನಿಂತ್ರು. ತಮಗ ಬರೂದಿಲ್ಲಂತ ಅವರಿಗಿ ಗೊತ್ತಿಲ್ಲಂತ ತಿಳದಿಯೇನು? ಹನ್ನೊಂದು ವರ್ಷ ಎಲ್ಲಾರೂ ಮಳಿ ಅಂದ್ರು, ಮಣ್ಣು ಅಂದ್ರು. ನೀ ಒಬ್ಬ ಹೆಸರು ಹೇಳಿದಿ.”

“ಅವರ ಕೇಳಿದ್ರು.”

“ಹೌದು. ನೀ ಕೇಳಿದ್ದಕ್ಕಷ್ಟ ಉತ್ತರ ಹೇಳಾಂವ.”

ಚೀಟಿ ವಾಪಸ್ಸು ತಂದೆ. ನಾನಾಗಿ ಡಿಕ್ಷನರಿ ಹಿಡಿದು ಓದಲು ಕೂತೆ. ಎರಡು ಸಾಲು ಆಯಿತು. ತಲೆಗೆ ಹೋಗಲಿಲ್ಲ.

ಜೂನ್ 22, ಶನಿವಾರ

ಕಾಕಾ ಪೇಪರಿನ ಗಂಟು ಕಟ್ಟುತ್ತಿದ್ದರು. ಗಿರಾಕಿ ಯಾರೂ ಇಲ್ಲದ್ದು ನೋಡಿ ಹೋದೆ.

“ಕಾಕಾ, ನಾ ಹೇಳಿದ್ದು ಖರೇನ.”

“ಗೊತ್ತೈತಿ.”

“ಎಲ್ಲಾರ ಮುಂದ ಹೇಳಬಾರದಿತ್ತು.”

ಅವರು ಸುತಳಿ ಬಿಗಿದರು.

“ಆ ಮುಗದದ ಹುಡುಗ ಹಿಡೀತಾನ್ರಿ, ಆದ್ರ ಹಿಂದ ಇಡ್ತಾನ. ನನಗ ಬಿಡಿಸಾಕ ಆಗವಲ್ದು. ನೀವು ಹನ್ನೊಂದು ವರ್ಷ ಅಲ್ಲಿ ನಿಂತೀರಿ.”

“ನಾ ನಿಂತದ್ದು ಸೋಲಾಕ.”

“ಸೋಲಾಕರ ನಿಂತ್ರಿ. ಉಳದವರು ನಿಂದರಲೇ ಇಲ್ಲ.”

ಈ ಮಾತು ಯಾವ ಚೀಟಿಯಲ್ಲಿತ್ತೋ ತಿಳಿಯದು. ಹುಡುಕಿದೆ, ಸಿಗಲಿಲ್ಲ.

ಕಾಕಾ ಬಹಳ ಹೊತ್ತು ಅದೇ ಗಂಟನ್ನು ಬಿಗಿಯುತ್ತ ಇದ್ದರು. “ಇಲ್ಲಿ ಬೊಟ್ಟು ಹಚ್ಚಿ ಹಿಡಿ,” ಎಂದರು. ಹಿಡಿದೆ. ಬೆರಳು ಸೇರಿಸಿಯೇ ಗಂಟು ಹಾಕಿದರು.

ಸಂಜೆ ಮೈದಾನಕ್ಕೆ ಚೆಂಡು ಬಂತು.

ಜೂನ್ 27, ಗುರುವಾರ

ಫಕೀರೇಶನ ರೋಗ ಹೋಯಿತು! ಕಾಕಾ ಮೈದಾನದ ನಡುವೆ ನಿಂತು “ಫಕೀರ್ಯಾ, ಇಲ್ಲಿ ಒಗಿ!” ಎನ್ನುತ್ತಾರೆ. ಇಪ್ಪತ್ತು ವರ್ಷ ಸೈಕಲ್ ಮೇಲೆ ‘ರದ್ದೀ’ ಎಂದು ಓಣಿ ಓಣಿ ಕೂಗಿದ ದನಿ ಅದು. ಫಕೀರೇಶ ಹಿಡಿಯುತ್ತಾನೆ, ಮುಂದಕ್ಕೆ ಎಸೆಯುತ್ತಾನೆ. ಐದು ದಿನಗಳಿಂದ ಒಂದನ್ನೂ ಹಿಂದೆ ಇಟ್ಟಿಲ್ಲ.

ಸೋಮವಾರ ನಾನು ಹೊಸ ಸೀಟಿ ಕೊಂಡೆ. ಅದರಿಂದಲೂ ಇರಬಹುದು.

ಜೂನ್ 30, ರವಿವಾರ

ಬ್ರೆಜಿಲ್ ಕಪ್ಪು ಗೆದ್ದಿತು. ಅವರ ಮ್ಯಾನೇಜರ್ ಸ್ಕೊಲಾರಿ, ಇಡೀ ದೇಶ ಬೇಕು ಬೇಕು ಎಂದರೂ ರೊಮಾರಿಯೊ ಎಂಬ ದೊಡ್ಡ ಆಟಗಾರನನ್ನು ತಂಡಕ್ಕೆ ತೆಗೆದುಕೊಂಡಿರಲಿಲ್ಲ. ಈ ಚೀಟಿಯನ್ನು ನಾನು ಯಾರಿಗೂ ತೋರಿಸಿಲ್ಲ. ಆದರೆ ಟೀವಿಯವರು ಅದನ್ನೇ ಹೇಳಿದರು.

ಎಲ್ಲರೂ ಕುಣಿಯುತ್ತಿದ್ದರು. ಕಾಕಾ ನನ್ನ ಪಕ್ಕದಲ್ಲಿ ಕೂತು, “ಆ ರೊಮಾರಿಯೊನ ಮನ್ಯಾಗ ಇವತ್ತ ಏನ್ ಅಡಗಿ ಮಾಡಿರ್ತಾರೋ,” ಎಂದರು.

ಜುಲೈ 7, ರವಿವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮ್ಯಾಚು ದೇಶಪಾಂಡೆ ನಗರದ ಮೈದಾನದಲ್ಲಿ. ಬೆಳಗಿನಿಂದ ಮಳೆ. ಅವರ ಕೋಚಿನ ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ನನ್ನ ಕೊರಳಲ್ಲಿ ಸೀಟಿ, ಕೈಯಲ್ಲಿ ಕಾಕಾನ ಕೊಡೆ. ಕಾಕಾ ನನ್ನ ಪಕ್ಕದಲ್ಲಿ ಗೆರೆಯ ಮೇಲೆ ನಿಂತಿದ್ದರು, ಹನ್ನೆರಡನೆಯವರಾಗಿ. ಮೊದಲ ಅರ್ಧದಲ್ಲಿ ಫಕೀರೇಶ ಒಂಬತ್ತು ಹಿಡಿದ. ಕಾಕಾ ಈಚೆಯಿಂದ ಒದರಿದಾಗಲೆಲ್ಲ ಈಚೆಗೇ ಎಸೆದ. ಸೊನ್ನೆ-ಸೊನ್ನೆ. ಹನ್ನೊಂದು ವರ್ಷದಲ್ಲಿ ನಾವು ಅರ್ಧ ಮ್ಯಾಚು ಸೋಲದೆ ಇದ್ದದ್ದು ಇದೇ ಮೊದಲು.

ಬಿಡುವಿನಲ್ಲಿ ಕಾಕಾ ಖಾಲಿ ಗೋಲಿನ ಕಡೆ ನೋಡುತ್ತಿದ್ದರು. ನನಗೆ ಹೇಗೋ ಆಯಿತು. “ಕಾಕಾ, ನೀವು ಗೋಲಿನ ಹಿಂದ ಹೋಗಿ ನಿಲ್ರಿ. ಅದು ನಿಮ್ಮ ಜಾಗಾ,” ಎಂದೆ. ಮುಖ ಅರಳಿಸಿಕೊಂಡು ಹೋದರು. ಯಾವ ದೊಡ್ಡ ಮ್ಯಾನೇಜರನೂ ಹೀಗೆ ಮಾಡಿದ್ದನ್ನು ನಾನು ಓದಿಲ್ಲ. ಯಾಕೆ ಮಾಡಿಲ್ಲ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಯಿತು.

ಅವರ ಎತ್ತರದ ಹುಡುಗ ಜೋರಾಗಿ ಒದ್ದ. ಫಕೀರೇಶ ಹಾರಿ ಎರಡೂ ಕೈಯಲ್ಲಿ ಹಿಡಿದ. ಹಿಂದಿನಿಂದ ಕಾಕಾ ತಡೆಯಲಾರದೆ, “ಶ್ಯಾಬಾಸ್ ಫಕೀರ್ಯಾ!” ಎಂದರು. ಫಕೀರೇಶ ಅರ್ಧ ತಿರುಗಿದ. ದನಿ ಬಂದ ಕಡೆಗೆ ಚೆಂಡನ್ನು ಮೆಲ್ಲಗೆ ಇಟ್ಟ. ರೆಫ್ರಿ ಸೀಟಿ ಊದಿದರು. ಫಕೀರೇಶ ಮುಂದಿನದಕ್ಕೆ ಕೈ ಚಾಚಿ ನಿಂತಿದ್ದ.

ಓಡಿ ಹೋಗಿ ಕೇಳಿದೆ, “ಯಾಕೋ ಫಕೀರೇಶ?”

“ಗೌಂಡಿ ಎಲ್ಲಿಂದ ಕರೀತಾನೋ ಅಲ್ಲಿ ಇಡೂದ್ರಿ. ತಿರುಗಿ ನೋಡ್ಕೋತ ನಿಂತ್ರ ಮುಂದಿನ ಇಟ್ಟಂಗಿ ತಲೀಗಿ ಬೀಳತೈತಿ.”

ಹಾಗಾದರೆ ಸೀಟಿಯಿಂದ ಏನೂ ಆಗಿರಲಿಲ್ಲ. ಕಾಕಾನ ದನಿ ಮುಂದಿದ್ದರೆ ಚೆಂಡು ಮುಂದೆ, ಹಿಂದಿದ್ದರೆ ಹಿಂದೆ.

ಕಾಕಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ನಾ ಮನಿಗಿ ಹೊಕ್ಕೇನಪಾ.”

“ಬ್ಯಾಡ್ರಿ. ಚಪ್ಪಲಿ ಬಿಡ್ರಿ, ಒಳಗ ಬರ್ರಿ.”

“ಎಲ್ಲಿ ನಿಂದರ್ಲಿ?”

“ಅವರ ಗೋಲಿನ ಮುಂದ. ನಿಂತು ಒದರ್ರಿ, ಸಾಕು.”

ಫಕ್ರುಸಾಬರನ್ನು ಹೊರಗೆ ಕರೆದು, ನಲವತ್ತೇಳು ವರ್ಷದ ಕಾಕಾನನ್ನು ಮುಂದೆ ಕಳಿಸಿದೆ. ಅವರಿಗೆ ಅಲ್ಲಿ ಏನು ಒದರಬೇಕೆಂದು ತಿಳಿಯಲಿಲ್ಲ. ರೂಢಿಯದೇ ಬಂತು: “ರದ್ದೀ…! ಹಳೇ ಪೇಪರ್!” ಮೈದಾನದಾಚೆಯ ಮನೆಯಿಂದ ಮನೆಯೊಡತಿ ಒಬ್ಬರು ಪೇಪರಿನ ಗಂಟು ಹಿಡಿದು ಹೊರಗೆ ಬಂದರು. ದೇಶಪಾಂಡೆ ನಗರದ ಹುಡುಗರು ನಗುತ್ತ ನಿಂತರು. ಫಕೀರೇಶ ಮಾತ್ರ ನಗಲಿಲ್ಲ. ದನಿ ಬಂದಲ್ಲಿಗೆ, ಇಡೀ ಮೈದಾನ ದಾಟಿಸಿ, ಚೆಂಡನ್ನು ಒಗೆದ. ಅವರ ಇಬ್ಬರು ಹುಡುಗರು ಕಾಕಾನ ಹಿಂದೆಯೇ ನಿಂತಿದ್ದರು. ಕಾಕಾ ಎಂದಿನಂತೆ ಕಣ್ಣು ಮುಚ್ಚಿದರು. ಚೆಂಡು ಹೊಟ್ಟೆಗೆ ಬಡಿದು ಗೋಲಿಗೆ ಹೋಯಿತು.

ಕಣ್ಣು ಬಿಟ್ಟಾಗ ಮಾಲತೇಶ ಅವರನ್ನು ಎತ್ತಿಕೊಂಡಿದ್ದ. “ಏನಾತೋ? ಏನಾತೋ?” ಎಂದು ಕೇಳುತ್ತಲೇ ಇದ್ದರು.

ಕೊನೆಯ ನಿಮಿಷದಲ್ಲಿ ಆ ಎತ್ತರದ ಹುಡುಗ ಮೂಲೆಯಿಂದ ಬಂದ ಚೆಂಡಿಗೆ ತಲೆ ಕೊಟ್ಟ. ಚೊಕ್ಕ ಗೋಲು. ಯಾರ ತಪ್ಪೂ ಇರಲಿಲ್ಲ. ಎರಡು-ಒಂದು. ಸೋತೆವು.

ಮರದ ಕೆಳಗೆ ಕೂತು ಕಾಕಾ ಮತ್ತೆ ಅದನ್ನೇ ಕೇಳಿದರು. “ಯಾಕ ಸೋತ್ವಿ?”

“ಮಳಿ ಕಾಕಾ,” ಎಂದ ಮಾಲತೇಶ. ಮಣ್ಣು ಎಂದರು. ರೆಫ್ರಿ ಎಂದರು. ಫಕೀರೇಶ ಬಾಯಿ ತೆರೆದ. ಅವನು ತನ್ನ ಹೆಸರು ಹೇಳುವವನಿದ್ದ.

“ನನ್ನಿಂದ, ಕಾಕಾ,” ಎಂದೆ. “ನಿಮ್ಮನ್ನ ಗೋಲಿನ ಹಿಂದ ನಿಲ್ಲಿಸಿದಾಂವ ನಾನು.”

ಕಾಕಾ ಚೆಂಡನ್ನು ಚೀಲಕ್ಕೆ ಹಾಕಿ ಕ್ಯಾರಿಯರಿಗೆ ಕಟ್ಟಿ ಹೋದರು.

ಜುಲೈ 8, ಸೋಮವಾರ

ಅಂಗಡಿಗೆ ಹೋಗಲಿಲ್ಲ. ಮಾತು ಮಾತೇ.

ಅವ್ವ ಏನೂ ಬೈಯಲಿಲ್ಲ. ರೊಟ್ಟಿ ಹಾಕಿ, “ಹೆಂಗಾಗ್ಯಾವ?” ಎಂದಳು. ಎರಡು ಹೊತ್ತಿ ಕಪ್ಪಾಗಿದ್ದವು. “ಇನ್ನೊಂದು ಹಾಕು,” ಎಂದೆ. ಹಸಿವೆಯಾಗಿತ್ತು, ಅದೂ ಸುಳ್ಳಲ್ಲ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಹತ್ತು ಗಂಟೆಗೆ ಓಣಿಯ ತುದಿಯಲ್ಲಿ ಸೈಕಲ್ಲಿನ ಗಂಟೆ. ಆಮೇಲೆ ದನಿ.

“ರದ್ದೀ…! ಹಳೇ ಪೇಪರ್, ಹಳೇ ಬುಕ್ಕು, ಹಳೇ ಮ್ಯಾನೇಜರ್…!”

ಓಣಿಯವರೆಲ್ಲ ಬಾಗಿಲಿಗೆ ಬಂದರು. ಕಾಕಾ ನಮ್ಮ ಕಟ್ಟೆಗೆ ಕಾಲು ಕೊಟ್ಟು ಸೈಕಲ್ ನಿಲ್ಲಿಸಿದರು. “ಸಾವಂತ್ರೆವ್ವಾ, ಮನ್ಯಾಗ ಒಂದು ಮ್ಯಾನೇಜರ್ ಬಿದ್ದೈತೇನವಾ? ಸೋತದ್ದಾದ್ರೂ ನಡೀತೈತಿ.”

“ತೂಕ ಮಾಡಿ ಒಯ್ರಿ,” ಎಂದಳು ಅವ್ವ. “ವಾಪಸ್ ಮಾತ್ರ ತರಬ್ಯಾಡ್ರಿ.”

“ಕಾಕಾ, ಸೋತರ ಬರಬ್ಯಾಡ ಅಂದಿದ್ರಿ,” ಎಂದೆ.

“ನೀ ಬರಲಿಲ್ಲಲ್ಲ. ನಾನ ಬಂದೇನಿ. ಸೈಕಲ್ ಹತ್ತು.”

ಅಂಗಡಿಯಲ್ಲಿ ನನ್ನ ಚೀಟಿಗಳನ್ನೆಲ್ಲ ತಕ್ಕಡಿಗೆ ಹಾಕಿದೆ. ಜಗತ್ತಿನ ದೊಡ್ಡ ಮ್ಯಾನೇಜರುಗಳೆಲ್ಲ ಸೇರಿ ನೂರೈವತ್ತು ಗ್ರಾಂ ಆದರು. ಕಾಕಾ ಅದರಲ್ಲಿ ಕೈಯಾಡಿಸಿ, ಬೋಳು ತಲೆಯ ಮೀಸೆಯ ಸ್ಕೊಲಾರಿಯ ಚಿತ್ರ ತೆಗೆದು ನೋಡಿದರು.

“ನನ್ನ ತಗಿಯಾಕ ಕಲಿಸಿದಾಂವ ಇವನೇನು?”

“ಅಲ್ರಿ. ಅದು ನಂದ.”

“ಹೌದಾ,” ಎಂದು ಚಿತ್ರವನ್ನು ಮತ್ತೆ ತಕ್ಕಡಿಗೆ ಹಾಕಿದರು.

ಚಹಾ ಬಂತು. ಅರ್ಧ ಕುಡಿದು, ಉಳಿದದ್ದನ್ನು ಬಸಿಗೆ ಸುರಿದು ನನ್ನ ಕಡೆ ಸರಿಸಿದರು. ಸಕ್ಕರೆ ಕಡಿಮೆ ಇತ್ತು. ಅವರು ಕೇಳಲಿಲ್ಲ, ನಾನು ಕುಡಿದೆ.